ಎರಡೂವರೆ ಗಂಟೆಯ ದಾರಿ

ಸ್ವಿಟ್ಜರ್ಲೆಂಡಿನ ಬೆಟ್ಟದ ಹಾದಿಗಳಲ್ಲಿ ನಿಂತಿರುವ ಹಳದಿ ಕೈಮರಗಳ ಮೇಲೆ ಕಿಲೋಮೀಟರ್ ಬರೆದಿರುವುದಿಲ್ಲ, ಗಂಟೆ–ನಿಮಿಷ ಬರೆದಿರುತ್ತಾರೆ. ಯಾರ ಕಾಲಿನ ಲೆಕ್ಕ ಅದು ಅನ್ನುವುದೇ ಜರ್ಮಾಟ್ ಅನ್ನುವ ಬೆಟ್ಟದೂರಿನಲ್ಲಿ ಕಳೆದ ಎರಡು ದಿನವೂ ನಮ್ಮ ಗಂಡ–ಹೆಂಡಿರ ಜಗಳ.

ಸೆಪ್ಟೆಂಬರ್ ಕೊನೆಯ ಶನಿವಾರ ಜ್ಯೂರಿಕ್‌ನಿಂದ ಬೆಳಗಿನ ರೈಲು ಹಿಡಿದೆವು. ಫಿಸ್ಪ್‌ನಲ್ಲಿ ಇಳಿದು ಕೆಂಪು ನ್ಯಾರೋಗೇಜ್ ಗಾಡಿ ಹತ್ತಿದರೆ, ಅದು ಕಡಿದಾದ ಕಡೆಯಲ್ಲೆಲ್ಲ ಹಳಿಗಳ ನಡುವಿನ ಹಲ್ಲುಪಟ್ಟಿ ಕಚ್ಚಿಕೊಂಡು ಮೇಲೇರುತ್ತದೆ. ಊರು 1,600 ಮೀಟರ್ ಎತ್ತರದಲ್ಲಿದೆ. ಹೊರಗಿನ ಕಾರುಗಳನ್ನು ಹಿಂದಿನ ಊರು ಟೇಶ್‌ನಲ್ಲೇ ಬಿಟ್ಟುಬರಬೇಕು. ಒಳಗೆ ಓಡುವುದು ಡಬ್ಬಿಯಂಥ ಬ್ಯಾಟರಿ ಗಾಡಿಗಳು. ಸದ್ದೇ ಇಲ್ಲದೆ ಬೆನ್ನ ಹಿಂದೆ ಬಂದು ನಿಲ್ಲುತ್ತವೆ. ಬೆಂಗಳೂರಿನ ಹಾರನ್ನಿಗೆ ಒಗ್ಗಿದ ಕಿವಿಗೆ ಇದೇ ಹೆಚ್ಚು ಅಪಾಯ.

ಅಂಗಡಿಬೀದಿಯಲ್ಲಿ ಗಡಿಯಾರ, ಚಾಕೊಲೇಟು, ಮತ್ತೆ ಗಡಿಯಾರ. ನನಗೆ ಹಿಡಿಸಿದ್ದು ಹಿಂಟರ್‌ಡಾರ್ಫ್ ಅನ್ನುವ ಹಳೆ ಕೇರಿ. ಬಿಸಿಲಿಗೆ ಕಪ್ಪಾದ ಲಾರ್ಚ್ ಮರದ ಕಣಜಗಳು ಮೋಟು ಕಾಲುಗಳ ಮೇಲೆ ನಿಂತಿವೆ. ಪ್ರತಿ ಕಾಲಿನ ತಲೆಯ ಮೇಲೂ ಬೀಸುಕಲ್ಲಿನಷ್ಟು ಅಗಲದ ಚಪ್ಪಟೆ ಕಲ್ಲು. ಇಲಿ ಕಾಲು ಹತ್ತಬಹುದು, ಆ ಕಲ್ಲಿನ ಅಂಚು ದಾಟಲಾರದು. ನಮ್ಮಜ್ಜಿ ನೋಡಿದ್ದರೆ ಮ್ಯಾಟರ್‌ಹಾರ್ನ್ ಶಿಖರಕ್ಕಿಂತ ಇದನ್ನೇ ಹೆಚ್ಚು ಹೊತ್ತು ನೋಡುತ್ತಿದ್ದಳು.

ಸಂಜೆ ಮ್ಯೂಸಿಯಂನಲ್ಲಿ ಒಂದು ತುಂಡು ಹಗ್ಗ ನೋಡಿದೆವು. 1865ರ ಜುಲೈ 14ರಂದು ಎಡ್ವರ್ಡ್ ವಿಂಪರ್ ಸೇರಿ ಏಳು ಮಂದಿ ಮೊದಲ ಬಾರಿಗೆ ಮ್ಯಾಟರ್‌ಹಾರ್ನ್ ಏರಿದರು. ಇಳಿಯುವಾಗ ಒಬ್ಬ ಕಾಲು ಜಾರಿದ, ಹಗ್ಗ ತುಂಡಾಯಿತು, ನಾಲ್ವರು ಪ್ರಪಾತಕ್ಕೆ ಬಿದ್ದರು. ಆ ಹಗ್ಗ ನಮ್ಮೂರ ಬಾವಿಹಗ್ಗಕ್ಕಿಂತ ತೆಳ್ಳಗಿದೆ. ಇವರು ಅಲ್ಲಿಂದ ಹೋಟೆಲಿನವರೆಗೂ ಮಾತಾಡಲಿಲ್ಲ.

ಭಾನುವಾರ ಐದು ಕೆರೆಗಳ ದಾರಿ. ಸುರಂಗದೊಳಗಿನ ರೈಲಿನಲ್ಲಿ ಸುನೆಗ್ಗಾ, ಅಲ್ಲಿಂದ ತಂತಿಗೆ ತೂಗುವ ತೊಟ್ಟಿಲಲ್ಲಿ ಬ್ಲೌಹೆರ್ಡ್. ಕೈಮರದ ಪ್ರಕಾರ ಎರಡೂವರೆ ಗಂಟೆ. ಮೊದಲ ಕೆರೆ ಸ್ಟೆಲ್ಲಿಸೇ. ಗಾಳಿ ನಿಂತರೆ 4,478 ಮೀಟರಿನ ಶಿಖರ ತಲೆಕೆಳಗಾಗಿ ನೀರಲ್ಲಿ ಕೂರುತ್ತದಂತೆ. ಗಾಳಿ ನಿಲ್ಲಲಿಲ್ಲ. ಶಿಖರದ ಕೊರಳಿಗೆ ಮೋಡದ ಮಫ್ಲರ್ ಬೇರೆ.

"ರೀ, ಸಾಕು ಬನ್ನಿ."

"ಸ್ವಲ್ಪ ತಡಿ, ಮೋಡ ಸರೀತಿದೆ."

ಸರಿಯಲು ಒಂದು ಗಂಟೆ ಬೇಕಾಯಿತು. ಅಷ್ಟರಲ್ಲಿ ಚಿತ್ರಾನ್ನದ ಡಬ್ಬಿ ಅರ್ಧ ಖಾಲಿ.

ಎರಡನೆಯದು ಗ್ರಿಂಡ್ಯಿಸೇ. ಸುತ್ತ ಲಾರ್ಚ್ ಮರಗಳು ಆಗಷ್ಟೇ ಹಳದಿಗೆ ತಿರುಗುತ್ತಿದ್ದವು. ಸೂಜಿಯೆಲೆಯ ಮರವಾದರೂ ಚಳಿಗಾಲಕ್ಕೆ ಎಲೆ ಉದುರಿಸಿಕೊಳ್ಳುವ ಜಾತಿ. ಇಲ್ಲಿ ಗಾಳಿ ಇರಲಿಲ್ಲ. ಮರ, ಶಿಖರ ಎರಡೂ ನೀರಲ್ಲಿದ್ದವು. ಈ ಬಾರಿ ಏಳಲು ಒಪ್ಪದವಳು ನಾನೇ.

ಮೂರನೆಯ ಗ್ರೂನ್‌ಸೇ ಕಲ್ಲುಗಳ ನಡುವೆ ಒಂಟಿ. ಕಾಲಿಳಿಬಿಟ್ಟೆ, ಹತ್ತು ಎಣಿಸುವಷ್ಟರಲ್ಲಿ ಮರಗಟ್ಟಿತು. ಮೂಸ್ಯಿಸೇಯ ನೀರು ಹಿಮನದಿ ಅರೆದ ಕಲ್ಲಿನ ಹಿಟ್ಟು ಕಲಸಿದಂತೆ ಹಾಲು–ನೀಲಿ. ಅಲ್ಲಿಂದ ಲೈಸೇಗೆ ಏರು ಹತ್ತುವಾಗ ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಎರಡು ಕೋಲೂರಿಕೊಂಡು ನಮ್ಮನ್ನು ದಾಟಿ ಹೋದರು. ಕೈಮರದ ಲೆಕ್ಕ ಯಾರದೆಂದು ಆಗ ತಿಳಿಯಿತು.

ಸುನೆಗ್ಗಾ ತಲುಪಿದಾಗ ಕೆಳಗಿಳಿಯುವ ಕೊನೆಯ ರೈಲು ಹೋಗಿಯಾಗಿತ್ತು. ಪಕ್ಕದಲ್ಲೇ ಹಳದಿ ಕೈಮರ: ಜರ್ಮಾಟ್, ಒಂದು ಗಂಟೆ ಚಿಲ್ಲರೆ. ಇವರು ಓದಿ, ಕ್ಯಾಮೆರಾ ಚೀಲಕ್ಕೆ ತುರುಕಿ, "ಎರಡರಿಂದ ಗುಣಿಸ್ಕೋ" ಅಂದರು.