ಹೀಟರ್ ಪಕ್ಕದ ಮೀನು

"ಅಪ್ಪಾ, ಇದಕ್ಕೆ ಚಳಿ ಆಗ್ತಿದೆ ಅನ್ಸುತ್ತೆ."

ಸೋಮವಾರ ಮಗಳು ಹೇಳಿದ ಮಾತು ಇದು. ನಮ್ಮ ತೊಟ್ಟಿಯ ಆರು ಕೋಯಿ ಮೀನುಗಳಲ್ಲಿ (ಗೆಂಡೆ ಜಾತಿಯ ಬಣ್ಣದ ಮೀನು) ಕೆಂಪು ಚುಕ್ಕೆಯದ್ದು ಹೀಟರ್ ಬಿಟ್ಟು ಕದಲುತ್ತಿರಲಿಲ್ಲ. ಗಾಜಿನ ಕೊಳವೆಗೆ ಮೈ ತಾಗಿಸಿಕೊಂಡು, ಬಾಲ ಮಾತ್ರ ಮೆಲ್ಲಗೆ ಆಡಿಸುತ್ತಿತ್ತು. "ಸುಮ್ನಿರು ಪುಟ್ಟಿ, ಮೈ ಸುಟ್ಕೊಳ್ಳುತ್ತೆ" ಅಂತ ನಾನು ಬಲೆಯಿಂದ ಅದನ್ನು ಆಚೆ ತಳ್ಳಿದೆ. ಮತ್ತೆ ಬಂತು. ಹೀಟರನ್ನೇ ಆರಿಸಿಬಿಟ್ಟೆ.

ಗುರುವಾರದ ಹೊತ್ತಿಗೆ ನಾಲ್ಕು ಸತ್ತಿದ್ದವು. ಕಣ್ಣು ಒಳಗೆ ಹೋಗಿತ್ತು. ಕಿವಿರು ಎತ್ತಿ ನೋಡಿದರೆ ಕೆಂಪಿನ ನಡುವೆ ಬಿಳಿ ತೇಪೆ, ಕೊಳೆತ ಹಾಗೆ. ಪಿಸಿಆರ್ ಪರೀಕ್ಷೆಯಲ್ಲಿ ಕೋಯಿ ಹರ್ಪಿಸ್ ವೈರಸ್ ಅಂತ ಬಂತು.

ಮೊದಲು ಸಿಪ್ರಿನಿವೈರಸ್ ಅಂತಿದ್ದ, ಈಗ ಸೈವೈರಸ್ ಅನ್ನೋ ಗುಂಪಿನದು ಇದು. ಇದರ ದಾಯಾದಿಗಳಲ್ಲಿ ಒಂದು ಗೋಲ್ಡ್‌ಫಿಶ್ಶನ್ನು ಕೊಲ್ಲುತ್ತದೆ, ಇನ್ನೊಂದು ಗೆಂಡೆ ಮೀನಿನ ಮೈಮೇಲೆ ಮೇಣದಂಥ ಗಂಟು ಎಬ್ಬಿಸುತ್ತದೆ, ಮತ್ತೊಂದು ಹಾವುಮೀನಿಗೆ ಅಂಟುತ್ತದೆ. ಮನುಷ್ಯರಿಗೆ ಬರಲ್ಲ. 1990ರ ದಶಕದ ಕೊನೆಯಲ್ಲಿ ಗುರುತಾದ ಈ ಕೋಯಿ ವೈರಸ್, ಮಾರಾಟದ ಮೀನಿನ ಜೊತೆಗೇ ದೇಶದೇಶ ಸುತ್ತಿದೆ. ನಮ್ಮ ತೊಟ್ಟಿಗೂ ಹೊಸ ಮೀನಿನ ಜೊತೆಗೇ ಬಂದಿದ್ದು. ಕೆಲವು ವಾರ ಬೇರೆ ಇಡಿ ಅಂತ ಮಾರಿದವರು ಒಂದು ಮಾತು ಹೇಳಬಹುದಿತ್ತು. ಅವರ ಮೇಲೆ ನನಗೆ ಸಿಟ್ಟಿದೆ.

ಆದರೆ ನಿದ್ದೆ ಕೆಡಿಸಿದ್ದು ಆಮೇಲೆ ಓದಿದ ಸಂಗತಿ. ನಮಗೆ ಜ್ವರ ಬಂದರೆ ಮೈ ತಾನೇ ಬಿಸಿಯಾಗುತ್ತದೆ. ಗೆಂಡೆ ಜಾತಿಯ ಮೀನಿಗೆ ಅದು ಆಗಲ್ಲ, ಬೆಚ್ಚಗಿನ ನೀರು ಹುಡುಕಿಕೊಂಡು ಹೋಗಬೇಕು. 30 ಡಿಗ್ರಿ ದಾಟಿದರೆ ಈ ವೈರಸ್ ಬೆಳೆಯಲಾರದು. 2017ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಸೋಂಕಿದ ಮೀನುಗಳು ತಾವಾಗೇ 32 ಡಿಗ್ರಿಯ ನೀರಿಗೆ ಹೋಗಿ ಬದುಕಿಕೊಂಡವು. 24 ಡಿಗ್ರಿಯಲ್ಲೇ ಕೂಡಿಹಾಕಿದವು ಸತ್ತವು. ವೈರಸ್ಸೂ ಕಡಿಮೆಯಲ್ಲ. ಬಿಸಿ ಕಡೆ ಹೋಗು ಅಂತ ದೇಹ ಕೊಡುವ ಸಂಕೇತವನ್ನು ಹಿಡಿದಿಟ್ಟುಕೊಳ್ಳೋ ಪ್ರೋಟೀನೊಂದನ್ನು ಅದು ತಯಾರಿಸುತ್ತದೆ, ಮೀನು ಹೊರಡೋದು ತಡವಾಗುತ್ತದೆ.

ಅಷ್ಟೆಲ್ಲ ಮೀರಿ ನಮ್ಮ ಕೆಂಪು ಚುಕ್ಕೆ ಹೀಟರ್ ತನಕ ಬಂದಿತ್ತು. ನಾನು ತಳ್ಳಿದೆ. ಮತ್ತೆ ಬಂತು.

ಉಳಿದೆರಡಕ್ಕೆ ವೈದ್ಯರು ಹೇಳಿದಂತೆ ನೀರನ್ನು ನಿಧಾನವಾಗಿ ಬಿಸಿ ಮಾಡಿದ್ದೇವೆ, ಗಾಳಿಯ ಪಂಪನ್ನೂ ಜಾಸ್ತಿ ಮಾಡಿದ್ದೇವೆ. ಬದುಕಿದರೂ ವೈರಸ್ ಅವುಗಳ ಮೈಯಲ್ಲೇ ಅಡಗಿರಬಹುದು, ಇನ್ನು ಬೇರೆ ಮೀನಿನ ಜೊತೆ ಬಿಡುವಂತಿಲ್ಲ.

ನಿನ್ನೆ ಮಗಳಿಗೆ ಎಲ್ಲಾ ಹೇಳಿದೆ. "ಹಾಗಾದ್ರೆ ಅದಕ್ಕೆ ಗೊತ್ತಿತ್ತಾ ಅಪ್ಪಾ?" ಅಂದಳು.

"ಗೊತ್ತಿತ್ತು ಪುಟ್ಟಿ. ನಿನಗೂ ಗೊತ್ತಾಗಿತ್ತು" ಅಂದೆ.