ಗಿಟಾರ್ ಆಂಪ್‌ನಲ್ಲಿ ಬೇಸ್ ಅಭ್ಯಾಸ: ಇಲ್ಲಿಯವರೆಗಿನ ಪ್ರಗತಿ

ಬೇಸ್ ಗಿಟಾರ್‌ಗೆಂದೇ ಒಂದು ಆಂಪ್ (ಆಂಪ್ಲಿಫೈಯರ್) ತರುವ ತನಕ ಮನೆಯಲ್ಲಿರುವ ಗಿಟಾರ್ ಕಾಂಬೋದಲ್ಲೇ, ಅಂದರೆ ಆಂಪ್ ಮತ್ತು ಸ್ಪೀಕರ್ ಒಂದೇ ಪೆಟ್ಟಿಗೆಯಲ್ಲಿರುವುದರಲ್ಲೇ, ಅಭ್ಯಾಸ ಮಾಡುತ್ತಿದ್ದೇನೆ. ಟ್ರಾನ್ಸಿಸ್ಟರ್ ಆಂಪ್, 15 ವಾಟ್, 8 ಇಂಚಿನ ಒಂದೇ ಸ್ಪೀಕರ್, ಹಿಂಬದಿ ತೆರೆದ ಪೆಟ್ಟಿಗೆ. ಸದ್ಯಕ್ಕೆ ಧಾರಾಳವಾಗಿ ಸಾಕು. ಕೋಣೆಯಲ್ಲಿ ಕೂತು ಮಾತಾಡುವಷ್ಟು ಸದ್ದಿಗೆ ಇದಕ್ಕೆ ಏನೂ ಆಗಿಲ್ಲ.

"ಆಂಪ್ ಸುಟ್ಟುಹೋಗುತ್ತೆ" ಎಂಬ ಎಚ್ಚರಿಕೆ ಎಲ್ಲರೂ ಕೊಡುತ್ತಾರೆ. ನಿಜವಾದ ಅಪಾಯ ಇರುವುದು ಸ್ಪೀಕರ್‌ಗೆ. ಗಿಟಾರಿನ ಅತಿ ತಗ್ಗಿನ ಇ ತಂತಿ ಸುಮಾರು 82 ಹರ್ಟ್ಸ್; ಬೇಸ್‌ನ ಇ ಅದರ ಅರ್ಧ, ಸುಮಾರು 41. ಅಷ್ಟೇ ಜೋರಿನ ಸದ್ದನ್ನು ಒಂದು ಆಕ್ಟೇವ್ ಕೆಳಗೆ, ಅಂದರೆ ಅರ್ಧ ಕಂಪನದಲ್ಲಿ, ಹೊರಡಿಸಬೇಕಾದರೆ ಕೋನ್ (ಸ್ಪೀಕರ್‌ನಲ್ಲಿ ಅದುರುವ ಶಂಕುವಿನಾಕಾರದ ಹಾಳೆ) ನಾಲ್ಕು ಪಟ್ಟು ಆಡಬೇಕು. ಗಿಟಾರ್ ಸ್ಪೀಕರ್‌ಗೆ ಅಷ್ಟು ಓಡಾಟದ ಜಾಗವೇ ಇರುವುದಿಲ್ಲ. ಮುಚ್ಚಿದ ಪೆಟ್ಟಿಗೆಯಾದರೆ ಒಳಗಿನ ಗಾಳಿ ಕೋನ್ ಅನ್ನು ತಡೆದು ಹಿಡಿಯುತ್ತದೆ. ತೆರೆದ ಪೆಟ್ಟಿಗೆಯಲ್ಲಿ ಆ ಹಿಡಿತವಿಲ್ಲ. ಜೊತೆಗೆ ಹಿಂದಿನಿಂದ ಹೊರಡುವ ಅಲೆ ಸುತ್ತಿ ಬಂದು ಮುಂದಿನ ಅಲೆಯನ್ನು ರದ್ದು ಮಾಡುತ್ತದೆ. ತಗ್ಗಿನ ಸ್ವರ ಕೇಳಿಸುತ್ತಿಲ್ಲವೆಂದು ನಾವು ವಾಲ್ಯೂಮ್ ಏರಿಸುತ್ತೇವೆ, ಕೋನ್ ಇನ್ನಷ್ಟು ಎಗರುತ್ತದೆ, ಸದ್ದು ಮಾತ್ರ ಹೆಚ್ಚುವುದಿಲ್ಲ. ಕೋನ್ ಅನ್ನು ಆಡಿಸುವ ತಂತಿಸುರುಳಿ, ಅಂದರೆ ವಾಯ್ಸ್ ಕಾಯಿಲ್, ಪೆಟ್ಟು ತಿನ್ನುವುದು ಹೀಗೆ.

ಇದನ್ನು ಕಣ್ಣಾರೆ ನೋಡಬೇಕೆನಿಸಿ ಆಂಪ್‌ನ ಹಿಂದಿನಿಂದ ಟಾರ್ಚ್ ಬಿಟ್ಟೆ. ಜಿ ತಂತಿ ಮೀಟಿದಾಗ ಕೋನ್ ಅಲುಗಾಡಿದ್ದೇ ಗೊತ್ತಾಗಲಿಲ್ಲ. ಡಿ ತಂತಿಗೆ ಅಂಚಿನ ಮಡಿಕೆಗಳು ಸ್ವಲ್ಪ ಮಸುಕಾದವು. ತೆರೆದ ಇ ಮೀಟಿದ ಕೂಡಲೇ ಇಡೀ ಕೋನ್ ಮುಂದೆ ಹಿಂದೆ ಹೋಗುವುದು ಸ್ಪಷ್ಟವಾಗಿ ಕಾಣಿಸಿತು. ವಾಲ್ಯೂಮ್ ಇನ್ನೊಂದಿಷ್ಟು ತಿರುಗಿಸಿದಾಗ ಸ್ವರದ ಮೊದಲಲ್ಲಿ "ಪರ್ರ್" ಎಂಬ ಒಡಕು ಸೇರಿಕೊಂಡಿತು. ಅಲ್ಲಿಗೆ ನಿಲ್ಲಿಸಿ ನಾಬ್ ಮೇಲೆ ಪೆನ್ಸಿಲ್ ಗುರುತು ಹಾಕಿದ್ದೇನೆ. ಆ ಗುರುತಿಗಿಂತ ಸಾಕಷ್ಟು ಕೆಳಗೇ ನುಡಿಸುತ್ತೇನೆ.

ಸೆಟ್ಟಿಂಗ್ ವಿಷಯದಲ್ಲಿ ನನಗೆ ಅತಿ ಹೆಚ್ಚು ಉಪಯೋಗ ಕೊಟ್ಟದ್ದು ಆಂಪ್‌ನಲ್ಲಿ ತಗ್ಗಿನ ಸ್ವರಗಳನ್ನು ಹೆಚ್ಚು ಕಡಿಮೆ ಮಾಡುವ ಬೇಸ್ ನಾಬ್ ಅನ್ನು ಬಹುತೇಕ ಪೂರ್ತಿ ಇಳಿಸಿದ್ದು. ಕೇಳಲು ವಿಚಿತ್ರ, ಆದರೆ ಸ್ವರ ತೆಳ್ಳಗಾಗಲಿಲ್ಲ. 41 ಹರ್ಟ್ಸ್‌ನ ಮೂಲ ಕಂಪನ ಕ್ಷೀಣವಾಗಿದ್ದರೂ 82, 124, 165ರ ಹಾರ್ಮೋನಿಕ್‌ಗಳು (ಮೂಲ ಕಂಪನದ ಎರಡು, ಮೂರು, ನಾಲ್ಕು ಪಟ್ಟಿನ ಕಂಪನಗಳು) ಚೆನ್ನಾಗಿ ಹೊರಡುತ್ತವೆ, ಅವುಗಳಿಂದಲೇ ನಮ್ಮ ಕಿವಿ ಮೂಲಸ್ವರವನ್ನು ಗುರುತಿಸಿಕೊಳ್ಳುತ್ತದೆ. ಎದೆಗೆ ತಾಗುವ ಗುಮ್ಮೆನ್ನುವ ಒತ್ತಡ ಇಲ್ಲ ಅಷ್ಟೇ. ಮಿಡ್ ಅರ್ಧಕ್ಕಿಂತ ಮೇಲೆ, ಟ್ರೆಬಲ್ ಅರ್ಧ, ಒಡಕಿಲ್ಲದ ಕ್ಲೀನ್ ಚಾನೆಲ್, ರಿವರ್ಬ್ (ಅನುರಣನ) ಸೊನ್ನೆ. ಜೋರು ಸದ್ದನ್ನು ತಗ್ಗಿಸಿ ಏರಿಳಿತ ಕಡಿಮೆ ಮಾಡುವ ಕಂಪ್ರೆಸರ್ ಪೆಡಲ್ ಸೇರಿಸಿದ ಮೇಲೆ ಬೆರಳಿನ ಮೊದಲ ಹೊಡೆತದ ಏಟು ಸ್ಪೀಕರ್‌ಗೆ ನೇರವಾಗಿ ಬೀಳುವುದು ಕಡಿಮೆಯಾಗಿದೆ.

ಈ ಮಿಡ್ ಪ್ರಧಾನ ಸದ್ದಿನಿಂದ ನನ್ನ ಎಡಗೈಗೆ ದೊಡ್ಡ ಲಾಭ. ಮ್ಯೂಟ್ ಆಗದೆ ಉಳಿದ ಎ ತಂತಿಯ ಗುಂಯ್‌ಗುಟ್ಟುವಿಕೆ, ಫ್ರೆಟ್ಟಿಗೆ ತಾಗುವ ಕಿರಿಕಿರಿ, ಸ್ವರ ಬಿಡುವ ಹೊತ್ತಿನ ಏರುಪೇರು ಎಲ್ಲವೂ ಬಿಚ್ಚಿಟ್ಟ ಹಾಗೆ ಕೇಳಿಸುತ್ತವೆ. ಹೊಸದಾಗಿ ಕಲಿಯುವವರಿಗೆ ಇಂಥ ಆಂಪ್ ಒಳ್ಳೆಯದೆಂದೇ ನನ್ನ ಅಭಿಪ್ರಾಯ, ಸದ್ದು ಮಿತಿಯಲ್ಲಿದ್ದರೆ.

ಬೇಸ್ ಆಂಪ್, ಗಿಟಾರ್ ಆಂಪ್ ಎಂಬ ಗೆರೆ ಸರ್ಕ್ಯೂಟ್‌ನಲ್ಲಿ ಅಷ್ಟು ಗಟ್ಟಿಯಾಗಿಲ್ಲ. 1951ರಲ್ಲಿ ಪ್ರಿಸಿಷನ್ ಬೇಸ್ ತಂದ ಫೆಂಡರ್, 1952ರಲ್ಲಿ ಬೇಸ್‌ಗಾಗಿ ತಂದ ಆಂಪ್ ಬೇಸ್‌ಮನ್. ಮುಂದೆ ಅದನ್ನು ಗಿಟಾರ್ ವಾದಕರು ಮೆಚ್ಚಿ ಅಪ್ಪಿಕೊಂಡರು. ಮಾರ್ಷಲ್ ಕಂಪನಿಯ ಗಿಟಾರ್ ಆಂಪ್ ಜೆಟಿಎಂ45 ಹುಟ್ಟಿದ್ದೂ ಅದರ ಸರ್ಕ್ಯೂಟ್ ಆಧರಿಸಿಯೇ. ಸ್ಪೀಕರ್ ಮತ್ತು ಪೆಟ್ಟಿಗೆಗೆ ಬಂದಾಗ ಮಾತ್ರ ಗೆರೆ ಗಟ್ಟಿ.

ಡ್ರಮ್ಸ್ ಜೊತೆ ಇದನ್ನು ಒಯ್ಯುವುದಿಲ್ಲ. ಆ ಸದ್ದಿಗೆ ಸರಿಸಾಟಿಯಾಗಲು ಹೋದರೆ ಕೋನ್ ಉಳಿಯದು. ಮುಂದಿನ ಕೆಲಸ, ಕಂಪ್ರೆಸರ್ ನಂತರ, ತೀರಾ ತಗ್ಗಿನ ಸ್ವರಗಳನ್ನು ತಡೆಯುವ ಒಂದು ಹೈಪಾಸ್ ಫಿಲ್ಟರ್ ಹಾಕಿ 60 ಹರ್ಟ್ಸ್‌ನ ಆಸುಪಾಸಿನಲ್ಲಿ ಕತ್ತರಿಸಿ ನೋಡುವುದು. ಹಾಕಿದ ಮೇಲೆ ಮತ್ತೆ ಟಾರ್ಚ್ ಹಿಡಿದು, ಇ ತಂತಿಗೆ ಕೋನ್ ಎಷ್ಟು ಆಡುತ್ತದೆಂದು ಬರೆಯುತ್ತೇನೆ.