ಬೈಪಾಸ್ ಕೇಸ್ ತಾನೇ, ಟ್ರೋಪ್ ಏರೋದು ಇದ್ದದ್ದೇ

ಹೃದಯದ ಆಪರೇಷನ್ ಆದವರನ್ನು ಇಡುವ ಸಿಟಿವಿಎಸ್ ಐಸಿಯುನಿಂದ ಬರುವ ಟ್ರೋಪ್-ಐ, ಅಂದರೆ ಹೃದಯದ ಸ್ನಾಯುವಿಗೆ ಪೆಟ್ಟಾದಾಗ ರಕ್ತಕ್ಕೆ ಸೋರುವ ಟ್ರೋಪೋನಿನ್‌ನ ಟೆಸ್ಟ್, ನಮ್ಮ ಲ್ಯಾಬ್ ಸ್ಕ್ರೀನ್ ಮೇಲೆ ಯಾವಾಗಲೂ ಕೆಂಪೇ. ಹೃದಯಕ್ಕೇ ಕೈ ಹಾಕಿ ಹೊಲಿಗೆ ಹಾಕಿದ ಮೇಲೆ ಟ್ರೋಪೋನಿನ್ ಸೋರದೆ ಇರುತ್ತದಾ? 12 ದೇಶಗಳ 13,862 ರೋಗಿಗಳನ್ನು ನೋಡಿದ ಒಂದು ಅಧ್ಯಯನ 2022ರಲ್ಲಿ ಬಂತು. ಬೈಪಾಸ್ ಅಥವಾ ಅಯೋರ್ಟಿಕ್ ವಾಲ್ವ್ ಆಪರೇಷನ್ ಆದವರಲ್ಲಿ, ಮೊದಲ ದಿನ ಟ್ರೋಪ್-ಐ ಲೀಟರಿಗೆ 5,670 ನ್ಯಾನೋಗ್ರಾಂ ದಾಟಿದರೆ ತಿಂಗಳೊಳಗೆ ಸಾವಿನ ಅಪಾಯ ಜಾಸ್ತಿ ಅಂತ ಅದರಲ್ಲಿತ್ತು. ಅಂದರೆ ಮಾಮೂಲಿ ಮಿತಿಯ 218 ಪಟ್ಟು! ನಮ್ಮ ಸಾಫ್ಟ್‌ವೇರ್‌ಗೆ ಮಾತ್ರ ಎದೆನೋವು ಅಂತ ಬಂದವರಿಗೂ, ನಿನ್ನೆ ಎದೆ ತೆರೆದವರಿಗೂ ಒಂದೇ ಕಟ್‌ಆಫ್. ಬದಲಾಯಿಸಿ ಅಂತ ಎರಡು ಸಲ ಮೇಲ್ ಹಾಕಿದೆ. 'ವೆಂಡರ್‌ಗೆ ಹೇಳಿದ್ದೇವೆ' ಅಂದರು. ಕೆಂಪು ಕಂಡರೆ ಎಂಟರ್ ಒತ್ತುವುದು ಕೈಗೆ ರೂಢಿಯಾಗಿಬಿಟ್ಟಿತ್ತು.

ಆ ರಾತ್ರಿ ಆರನೇ ಬೆಡ್‌ನ ಮೂರನೇ ಸ್ಯಾಂಪಲ್. ಹಿಂದಿನವು 1,900, ಆಮೇಲೆ 1,600. ಇಳೀತಿದೆ, ಸರಿ. ಬೆಳಗಿನ ಜಾವ 3.10ಕ್ಕೆ ಬಂದದ್ದು 9,400.

ಸ್ಯಾಂಪಲ್ ಅದಲುಬದಲಾಗಿದೆ ಅಂದುಕೊಂಡೆ. ಬಾರ್‌ಕೋಡ್ ಸರಿಯಿತ್ತು. ಫೈಬ್ರಿನ್ (ಹೆಪ್ಪಿನ ಎಳೆ) ಇರಬೇಕು ಅಂತ ಮತ್ತೆ ಸ್ಪಿನ್ ಮಾಡಿ ರಿಪೀಟ್ ಹಾಕಿದೆ, ಜೊತೆಗೆ ಮೆಷಿನ್ ಸರಿಯಿದೆಯಾ ಅಂತ ನೋಡುವ ಕ್ಯೂಸಿ. ಫೋನ್ ಪಕ್ಕದಲ್ಲೇ ಇತ್ತು. ಹಿಂದಿನ ತಿಂಗಳು ಹೀಮೊಲೈಸ್ ಆದ, ಅಂದರೆ ರಕ್ತಕಣ ಒಡೆದು ಲೆಕ್ಕ ತಪ್ಪಿದ ಸ್ಯಾಂಪಲ್ಲಿನ ಪೊಟ್ಯಾಸಿಯಂ ಹೇಳಿ ಡಾಕ್ಟರ ಹತ್ತಿರ ಬೈಸಿಕೊಂಡಿದ್ದೆ. ಖಾತ್ರಿಯಾಗಲಿ, ಸುಮ್ನೆ ಯಾಕೆ ಎಬ್ಬಿಸೋದು? ಅನಲೈಸರ್ ಮುಂದೆ ನಿಂತು ನಿಮಿಷ ಎಣಿಸಿದೆ. ಕ್ಯೂಸಿ ಪಾಸ್. ರಿಪೀಟ್ 9,350.

ಅಷ್ಟರಲ್ಲಿ ಐಸಿಯುನಿಂದಲೇ ಫೋನ್ ಬಂತು, 3.40ಕ್ಕೆ. "ಸರ್, ಆರನೇ ಬೆಡ್‌ದು ಟ್ರೋಪ್ ಆಯ್ತಾ? ಇಸಿಜಿ ಚೇಂಜ್ ಆಗಿದೆ, ಬಿಪಿ ಬೀಳ್ತಿದೆ."

ನಂಬರ್ ಹೇಳಿದೆ. ಸಿಸ್ಟರ್ ಒಂದು ಕ್ಷಣ ಸುಮ್ಮನಾದರು. "ಯಾವಾಗ ಬಂತು ಇದು?"

"ಈಗಷ್ಟೇ" ಅಂದೆ. ಪೂರ್ತಿ ಸುಳ್ಳಲ್ಲ. ಎರಡನೇ ಸಲದ್ದು ಈಗಷ್ಟೇ ಬಂದಿತ್ತು.

ಹೃದಯದ ರಕ್ತನಾಳ ನೋಡುವ ಕ್ಯಾತ್ ಲ್ಯಾಬ್‌ನಲ್ಲಿ ನೋಡಿದರೆ ಬೈಪಾಸ್‌ಗೆ ಎದೆಯಿಂದ ತಂದ ರಕ್ತನಾಳ (ಲಿಮಾ) ಚೆನ್ನಾಗಿತ್ತು, ಕಾಲಿನಿಂದ ತಂದು ಜೋಡಿಸಿದ ವೇನ್ ಗ್ರಾಫ್ಟ್ ಮುಚ್ಚಿತ್ತು. ಸ್ಟೆಂಟ್ ಹಾಕಿದರು. ಪುಣ್ಯಕ್ಕೆ ಆತ ಉಳಿದರು.

ರಿಪೀಟ್ ಹಾಕಿದ್ದು ತಪ್ಪಲ್ಲ. ಮೊದಲು ಫೋನ್ ಮಾಡಿ, ಆಮೇಲೆ ಹಾಕಬೇಕಿತ್ತು. ಟ್ರೋಪ್ ಒಂದರಿಂದಲೇ ಗ್ರಾಫ್ಟ್ ಮುಚ್ಚಿದೆ ಅಂತ ಹೇಳಕ್ಕಾಗಲ್ಲ, ನಿಜ. ಆದರೆ ಇಳಿಯುತ್ತಿದ್ದದ್ದು ಮತ್ತೆ ಏರಿದೆ ಅಂತ ಹೇಳಿದ್ದರೆ ಅವರು ಇಸಿಜಿ, ಎಕೋ ಆಗಲೇ ನೋಡುತ್ತಿದ್ದರು. ಈಗ "ಸಿಸ್ಟರ್, ಹೀಗೆ ಬಂದಿದೆ, ರಿಪೀಟ್ ಹಾಕ್ತಿದೀನಿ" ಅಂತ ಮೊದಲೇ ಹೇಳಿಬಿಡುತ್ತೇನೆ. ಬೈದರೆ ಬೈಯಲಿ.

ಆ ಅರ್ಧ ಗಂಟೆಯ ಬಗ್ಗೆ ನನ್ನನ್ನು ಯಾರೂ ಕೇಳಲಿಲ್ಲ. 2.45ಕ್ಕೆ ಬಂದ ಸ್ಯಾಂಪಲ್, 3.41ಕ್ಕೆ ರಿಲೀಸ್. ಸ್ಯಾಂಪಲ್ ಬಂದು ರಿಸಲ್ಟ್ ಹೋಗುವಷ್ಟರ ಸಮಯ ಅಳೆಯುವ ತಿಂಗಳ ಟಿಎಟಿ ರಿಪೋರ್ಟ್‌ನಲ್ಲಿ ಅದು ಹಸಿರು.